ಅಲ್‌ಬೆರೂನಿಯ ಮೊಳ

"ಮಾಮೂ, ಇಷ್ಟೊಂದು ಅಂಕಿ ಬರೆದರೆ ನಮ್ಮ ಲ್ಯಾಬ್ ಮೇಡಂ ಕೆಂಪು ಶಾಯಿಯಲ್ಲಿ ಗೀಟು ಎಳೀತಾರೆ" ಎಂದಳು ತಂಗಿಯ ಮಗಳು.

ಅವಳು ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಊರಿನಲ್ಲೊಂದು ಸಮಾರಂಭ, 'ವಿಜ್ಞಾನಕ್ಕೆ ಮುಸ್ಲಿಮರ ಕೊಡುಗೆ' ಎಂಬ ವಿಷಯದ ಮೇಲೆ ಅವಳು ಹತ್ತು ನಿಮಿಷ ಮಾತಾಡಬೇಕಿತ್ತು. ಸಂಘಟಕರು ಕೊಟ್ಟ ಹಾಳೆಯಲ್ಲಿ ಹೀಗಿತ್ತು: ಸಾವಿರ ವರ್ಷಗಳ ಹಿಂದೆ ಅಲ್‌ಬೆರೂನಿ ಭೂಮಿಯ ತ್ರಿಜ್ಯವನ್ನು 6339.6 ಕಿಲೋಮೀಟರ್ ಎಂದು ಅಳೆದರು, ಇಂದಿನ ಲೆಕ್ಕಕ್ಕೂ ಅದಕ್ಕೂ ಇರುವ ವ್ಯತ್ಯಾಸ ಬರೀ 17 ಕಿಲೋಮೀಟರ್. ಈ ಮಾತನ್ನು ನಾನೂ ಎಷ್ಟೋ ವೇದಿಕೆಗಳಲ್ಲಿ ಕೇಳಿದ್ದೇನೆ. ಒಂದೆರಡು ಸಲ ಚಪ್ಪಾಳೆಯನ್ನೂ ತಟ್ಟಿದ್ದೇನೆ. ಅವಳ ಪ್ರಶ್ನೆ ಸರಳವಾಗಿತ್ತು. ಬೆಟ್ಟದ ಮೇಲೆ ನಿಂತು ಕಣ್ಣಳತೆಯಲ್ಲಿ ನೋಡಿ ಮಾಡಿದ ಲೆಕ್ಕಕ್ಕೆ ಪಾಯಿಂಟ್ ಆದ ಮೇಲೂ ಒಂದು ಅಂಕಿ ಎಲ್ಲಿಂದ ಬಂತು?

ಆ ರಾತ್ರಿ ನನ್ನಲ್ಲಿ ಉತ್ತರವಿರಲಿಲ್ಲ. ಕತೆ ಬರೆಯುವವನಿಗೆ ಅಂಕಿಗಳ ಜತೆ ಅಷ್ಟೇನೂ ಸ್ನೇಹವಿಲ್ಲ. ಆದರೆ ಅಲ್‌ಬೆರೂನಿ ನನಗೆ ಬಾಲ್ಯದಿಂದ ಪರಿಚಯ, ಅದೂ ಎರಡು ವೇಷಗಳಲ್ಲಿ. ಉರ್ದು ಶಾಲೆಯ ಪಾಠದಲ್ಲಿ ಅವರು ನಕ್ಷತ್ರ ನೋಡುವ ಮಹಾಜ್ಞಾನಿ. ಮುಂದೆ ಕನ್ನಡ ಹೈಸ್ಕೂಲಿಗೆ ಬಂದಾಗ ಚರಿತ್ರೆಯ ಪಾಠದಲ್ಲಿ ಘಜ್ನಿ ಮಹಮೂದನ ಹಿಂದೆ ಬಂದು ನಿಂತ ಒಂದು ಸಾಲು: 'ಇವನ ಜತೆ ಬಂದ ಅಲ್‌ಬೆರೂನಿ ಭಾರತದ ಬಗ್ಗೆ ಗ್ರಂಥ ಬರೆದನು.' ಈ ಎರಡು ವೇಷಗಳ ನಡುವೆ ಇದ್ದ ಮನುಷ್ಯ ಯಾರೆಂದು ಹುಡುಕಲು ನನಗೆ ಈ ಹುಡುಗಿಯ ಲ್ಯಾಬ್ ರೆಕಾರ್ಡೇ ಬೇಕಾಯಿತು.

ಅಬೂ ರೈಹಾನ್ ಅಲ್‌ಬೆರೂನಿ 973ರಲ್ಲಿ ಖ್ವಾರಿಜ್ಮ್‌ನಲ್ಲಿ, ಈಗಿನ ಉಜ್ಬೇಕಿಸ್ತಾನದ ಭಾಗದಲ್ಲಿ ಹುಟ್ಟಿದವರು. 1017ರಲ್ಲಿ ಮಹಮೂದ್ ಆ ನಾಡನ್ನು ಗೆದ್ದಾಗ ಅಲ್ಲಿಯ ವಿದ್ವಾಂಸರ ಜತೆ ಇವರನ್ನೂ ಘಜ್ನಿಗೆ ಕರೆದೊಯ್ದ. ಕರೆದೊಯ್ದ ಎಂಬುದು ಸೌಜನ್ಯದ ಮಾತು. ಹೋಗುವುದಿಲ್ಲ ಎನ್ನುವ ಅವಕಾಶ ಅವರಿಗಿತ್ತೆಂದು ನನಗನಿಸುವುದಿಲ್ಲ. ಅಲ್ಲಿಂದ ಪಂಜಾಬಿನವರೆಗೆ ಅವರ ಓಡಾಟ ನಡೆಯಿತು. ಈಗ ಪಾಕಿಸ್ತಾನದಲ್ಲಿರುವ ಝೇಲಂ ಜಿಲ್ಲೆಯ ಉಪ್ಪಿನ ಬೆಟ್ಟಸಾಲಿನಲ್ಲಿ ನಂದನ ಎಂಬ ಕೋಟೆಯಿದೆ. ಅದರ ದಕ್ಷಿಣಕ್ಕೆ ಕಣ್ಣು ಹಾಯುವಷ್ಟು ದೂರ ಬಯಲು. ಅಂಥ ಜಾಗವನ್ನು ಅವರು ಬಹಳ ಕಾಲದಿಂದ ಹುಡುಕುತ್ತಿದ್ದರು. ಹಿಂದೊಮ್ಮೆ ಕ್ಯಾಸ್ಪಿಯನ್ ಸಮುದ್ರದ ಬದಿಯ ದಿಹಿಸ್ತಾನದ ಬಯಲಿನಲ್ಲಿ ಭೂಮಿಯನ್ನು ಅಳೆಯಲು ಹೊರಟು, ಆಶ್ರಯ ಕೊಡುವವರಿಲ್ಲದೆ ಕೈಬಿಟ್ಟಿದ್ದರು.

ಅದಕ್ಕೂ ಇನ್ನೂರು ವರ್ಷ ಹಿಂದೆ ಬಗ್ದಾದಿನ ಖಲೀಫ ಅಲ್‌ಮಾಮೂನ್ ಈ ಕೆಲಸವನ್ನು ಸರಕಾರಿ ಖರ್ಚಿನಲ್ಲಿ ಮಾಡಿಸಿದ್ದ. ಅವನ ಜನ ಬಯಲಿನಲ್ಲಿ ಹಗ್ಗ ಹಿಡಿದು ನೇರ ಉತ್ತರಕ್ಕೋ ದಕ್ಷಿಣಕ್ಕೋ ನಡೆದು, ಆಕಾಶ ಒಂದು ಡಿಗ್ರಿ ಬದಲಾಗುವವರೆಗೆ ಎಷ್ಟು ಮೈಲಿಯಾಯಿತೆಂದು ಎಣಿಸಿದರು. ಉತ್ತರ ಬಂದದ್ದು 56 ಮೈಲಿ, ಇನ್ನೊಂದು ವರದಿಯಂತೆ ಐವತ್ತಾರು ಮತ್ತು ಮೂರನೆಯ ಎರಡು ಭಾಗ. ಅಲ್ಲಿಗೆ ನಿಲ್ಲಿಸಿದರು.

ಅಲ್‌ಬೆರೂನಿಗೆ ಖಲೀಫನ ಖಜಾನೆಯಿರಲಿಲ್ಲ. ಅವರು ಬೆಟ್ಟ ಹತ್ತಿದರು. ಎತ್ತರದಲ್ಲಿ ನಿಂತು ದಿಗಂತವನ್ನು ನೋಡಿದರೆ ದೃಷ್ಟಿ ಪೂರಾ ಮಟ್ಟಸವಾಗಿರುವುದಿಲ್ಲ, ಕೂದಲೆಳೆಯಷ್ಟು ಕೆಳಕ್ಕೆ ಬಾಗಿರುತ್ತದೆ. ಭೂಮಿ ದುಂಡಗಿರುವುದರಿಂದಲೇ ಈ ಬಾಗು. ಬೆಟ್ಟದ ಎತ್ತರವೂ ಈ ಬಾಗಿನ ಕೋನವೂ ಗೊತ್ತಾದರೆ ಭೂಮಿಯ ತ್ರಿಜ್ಯವನ್ನು ಕೂತಲ್ಲೇ ಲೆಕ್ಕ ಹಾಕಬಹುದು. ಈ ಉಪಾಯ ತನ್ನದೆಂದು ಅವರು ಹೇಳಿಕೊಳ್ಳಲಿಲ್ಲ. ಮಾಮೂನನ ಕಾಲದ ಸನದ್ ಬಿನ್ ಅಲಿ ಸಮುದ್ರದ ಬದಿಯ ಬೆಟ್ಟವೊಂದರಿಂದ ಇದನ್ನು ಮಾಡಿದ್ದನೆಂದು ತಾವೇ ಬರೆದಿದ್ದಾರೆ. ನಮ್ಮ ಭಾಷಣಗಳಲ್ಲಿ ಸನದ್ ಎಲ್ಲಿಯೂ ಬರುವುದಿಲ್ಲ ಎನ್ನುವುದು ಬೇರೆ ಮಾತು.

ನಂದನದಲ್ಲಿ ಅವರು ಅಳೆದದ್ದು ಎರಡೇ ಸಂಗತಿ. ಬಾಗಿನ ಕೋನ 34 ನಿಮಿಷ. ಇಲ್ಲಿ ನಿಮಿಷವೆಂದರೆ ಗಡಿಯಾರದ್ದಲ್ಲ, ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು. ಬೆಟ್ಟದ ಎತ್ತರ 652 ಮೊಳ, ಅದರ ಮೇಲೆ ಅರವತ್ತನೇ ಪಾಲಿನಲ್ಲಿ 3, ಅದರ ಅರವತ್ತನೇ ಪಾಲಿನಲ್ಲಿ 18. ಆ ಕಾಲದ ಖಗೋಳಜ್ಞರು ದಶಮಾಂಶದ ಬದಲು ಹೀಗೆ ಅರವತ್ತರ ಭಾಗಗಳಲ್ಲಿ ಬರೆಯುತ್ತಿದ್ದರು. ಇವೆರಡರಿಂದ 'ಅಲ್‌ಖಾನೂನ್ ಅಲ್‌ಮಸ್‌ಊದಿ' ಗ್ರಂಥದಲ್ಲಿ ಅವರು ತೆಗೆದ ಭೂಮಿಯ ತ್ರಿಜ್ಯ 1,28,51,369 ಮೊಳ, ಮೇಲೆ ಅರವತ್ತರ ಭಾಗದಲ್ಲಿ 50, ಅದರೊಳಗೆ 42.

ಒಂದು ಮೊಳದ ಮೂರು ಸಾವಿರದ ಆರುನೂರನೆಯ ಒಂದು ಭಾಗ ಎಂದರೆ ಎಷ್ಟು? ಒಂದು ಮಿಲಿಮೀಟರಿನ ಏಳನೇ ಒಂದು ಪಾಲಿನಷ್ಟು. ಮುನ್ನೂರು ಮೀಟರಿಗೂ ಎತ್ತರದ ಬೆಟ್ಟವನ್ನೂ, ಅದರ ಮೇಲಿಂದ ಇಡೀ ಭೂಮಿಯನ್ನೂ ಈ ಸೂಕ್ಷ್ಮದಲ್ಲಿ ಅಳೆದಂತೆ ಅಂಕಿಗಳು ಕಾಣುತ್ತವೆ.

ಇಲ್ಲಿ ನನ್ನ ಸೊಸೆಯ ಮೇಡಂ ಕೆಂಪು ಪೆನ್ನು ತೆಗೆಯುತ್ತಾರೆ. ಅವರ ಪಾಠದ ಹೆಸರು 'ಸಾರ್ಥಕ ಅಂಕಿಗಳು'. ಬಟ್ಟೆಯ ಅಂಗಡಿಯಲ್ಲಿ 'ಎರಡೂವರೆ ಮೀಟರ್' ಎಂದರೆ ಒಂದರ್ಥ, 2.50 ಎಂದು ಬಿಲ್ಲಿನಲ್ಲಿ ಬರೆದರೆ ಇನ್ನೊಂದರ್ಥ. ಎರಡನೆಯದರಲ್ಲಿ 'ಸೆಂಟಿಮೀಟರಿನ ತನಕ ನೋಡಿದ್ದೇನೆ, ಅಲ್ಲಿ ಸೊನ್ನೆ ಇದೆ' ಎಂಬ ಜವಾಬ್ದಾರಿಯಿದೆ. ಮುಂದಿನ ಸೊನ್ನೆಗಳಿಗೆ ಬೆಲೆಯಿಲ್ಲ. 0.0025 ಕಿಲೋಮೀಟರ್ ಎಂದು ಬರೆದರೂ ಅಳೆದ ಅಂಕಿ ಎರಡೇ. ಹಲವು ಅಳತೆಗಳನ್ನು ಗುಣಿಸಿ ಭಾಗಿಸಿದಾಗ ಉತ್ತರದಲ್ಲಿ ಉಳಿಸಿಕೊಳ್ಳಬೇಕಾದದ್ದು ಅವುಗಳಲ್ಲೇ ಬಡ ಅಳತೆಗೆ ಎಷ್ಟು ಅಂಕಿಯಿದೆಯೋ ಅಷ್ಟು. ಅಲ್‌ಬೆರೂನಿಯ ಕೋನ 34. ಎರಡು ಅಂಕಿ. ಉತ್ತರ ಎಂಟು ಅಂಕಿ, ಮೇಲೆ ಬಾಲ.

ಬಾಲಕ್ಕೆ ಬಂದ ಸೊನ್ನೆಯ ಪಾಡೇ ಕಷ್ಟದ್ದು. ಎವರೆಸ್ಟ್ ಬಗ್ಗೆ ಒಂದು ಕತೆ ಹೇಳುತ್ತಾರೆ. ಲೆಕ್ಕ ಹಾಕಿದಾಗ ಎತ್ತರ ಸರಿಯಾಗಿ 29,000 ಅಡಿ ಬಂತಂತೆ. ಹಾಗೆಯೇ ಪ್ರಕಟಿಸಿದರೆ ಜನ ಇದು ಬರೀ ಅಂದಾಜು ಎಂದುಕೊಳ್ಳುತ್ತಾರೆಂದು ಎರಡಡಿ ಸೇರಿಸಿ 29,002 ಎಂದರಂತೆ. ಕತೆ ನಿಜವೋ ಸುಳ್ಳೋ, 1856ರಲ್ಲಿ ಆಂಡ್ರ್ಯೂ ವಾ ಪ್ರಕಟಿಸಿದ್ದು 29,002 ಎಂದೇ. ಸುಳ್ಳು ಹೇಳಿ ನಿಖರತೆಯನ್ನು ನಂಬಿಸಬೇಕಾಗುವುದು ಎಂಥ ವಿಚಿತ್ರ!

ಮತ್ತೆ ನಂದನಕ್ಕೆ ಬರೋಣ. ನಾನೂ ಸೊಸೆಯೂ ಕ್ಯಾಲ್ಕುಲೇಟರ್ ಹಿಡಿದು ಕೂತೆವು. ಅವರದೇ ಎತ್ತರ, ಅವರದೇ 34 ನಿಮಿಷ ಹಾಕಿದರೆ ಬರುವ ತ್ರಿಜ್ಯ ಸುಮಾರು ಒಂದು ಕೋಟಿ ಮೂವತ್ತಮೂರು ಲಕ್ಷ ಮೊಳ. ಅವರು ಬರೆದದ್ದು ಒಂದು ಕೋಟಿ ಇಪ್ಪತ್ತೆಂಟೂವರೆ ಲಕ್ಷ. ನಮ್ಮದೇ ತಪ್ಪಿರಬೇಕೆಂದು ಎರಡು ಸಲ ಮಾಡಿದೆವು. ಮೂರನೆಯ ಸಲ ತಪ್ಪಿನ ಬೇರು ಸಿಕ್ಕಿತು.

ಈ ಲೆಕ್ಕದ ಮಧ್ಯೆ ಒಂದು ಕಳೆಯುವ ಮೆಟ್ಟಿಲಿದೆ. ಒಂದರಿಂದ 34 ನಿಮಿಷದ ಕೊಸೈನನ್ನು ಕಳೆಯಬೇಕು. ಆ ಕೊಸೈನ್ ಒಂದಕ್ಕೆ ತೀರ ಹತ್ತಿರ. ಸುಲಭಕ್ಕೆ ಹಣದಲ್ಲಿ ಹೇಳುತ್ತೇನೆ. ಕೈಯಲ್ಲಿ ಒಂದು ಲಕ್ಷ ರೂಪಾಯಿಯಿದೆ, ಖರ್ಚು 99,995 ರೂಪಾಯಿ 11 ಪೈಸೆ. ಉಳಿಕೆ 4 ರೂಪಾಯಿ 89 ಪೈಸೆ. ಅಲ್‌ಬೆರೂನಿಯ ಕೋಷ್ಟಕದಿಂದ ಬಂದ ಬೆಲೆಯಲ್ಲಿ ಖರ್ಚು 18 ಪೈಸೆ ಕಡಿಮೆಯಾಗಿತ್ತು. ಲಕ್ಷದ ಎದುರು 18 ಪೈಸೆ ಯಾರ ಕಣ್ಣಿಗೂ ಬೀಳದು. ಆದರೆ ಉಳಿಕೆ 5 ರೂಪಾಯಿ 7 ಪೈಸೆಯಾಯಿತು. ಭಾಗಿಸಬೇಕಾದದ್ದು ಈ ಉಳಿಕೆಯಿಂದ. ನೂರಕ್ಕೆ ಸುಮಾರು ನಾಲ್ಕರಷ್ಟು ತಪ್ಪು ಅಲ್ಲಿಯೇ ನುಗ್ಗಿತು. ಭೂಮಿಯ ತ್ರಿಜ್ಯದಲ್ಲಿ ಅದು ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್.

ಅದಕ್ಕೂ ದೊಡ್ಡ ಸಂಶಯ ಕೋನದಲ್ಲಿದೆ. ಕೈ ಅಲುಗಿಯೋ ಬಯಲಿನ ಧೂಳಿನಿಂದಲೋ 34ರ ಜಾಗದಲ್ಲಿ 35 ಕಂಡಿದ್ದರೆ ತ್ರಿಜ್ಯ ಒಂದು ಕೋಟಿ ಇಪ್ಪತ್ತಾರು ಲಕ್ಷದ ಹತ್ತಿರಕ್ಕೆ ಇಳಿಯುತ್ತಿತ್ತು. 33 ಕಂಡಿದ್ದರೆ ಒಂದು ಕೋಟಿ ನಲವತ್ತೊಂದು ಲಕ್ಷ ದಾಟುತ್ತಿತ್ತು. ಒಂದೇ ಒಂದು ನಿಮಿಷಕ್ಕೆ ಏಳೆಂಟು ಲಕ್ಷ ಮೊಳ ಹಿಂದೆ ಮುಂದೆ! ಹೀಗಿರುವಾಗ ಕೊನೆಯ 369 ಮೊಳಕ್ಕೆ ಏನರ್ಥ?

ಇನ್ನೂ ಒಂದು ಸಂಗತಿ ನನ್ನನ್ನು ನಗಿಸಿತು. 1025ರಲ್ಲಿ ಮುಗಿಸಿದ 'ತಹದೀದ್' ಗ್ರಂಥದಲ್ಲಿ ಇದೇ ಬೆಟ್ಟ, ಇದೇ ಕೋನದಿಂದ ಅವರು ಕೊಟ್ಟ ತ್ರಿಜ್ಯ 1,28,03,337 ಮೊಳ. ಅಲ್ಲಿ ಕೊಸೈನನ್ನು ಒಂದು ಮೆಟ್ಟಿಲು ಮುಂಚೆ ಮೊಟಕು ಮಾಡಿದ್ದರು. ಎರಡು ಪುಸ್ತಕಗಳ ನಡುವಿನ ಅಂತರ 48 ಸಾವಿರ ಮೊಳ, ಇಪ್ಪತ್ತಮೂರು ಇಪ್ಪತ್ತನಾಲ್ಕು ಕಿಲೋಮೀಟರ್. ನಾವು ವೇದಿಕೆಯ ಮೇಲೆ ಸಾರುವ 17 ಕಿಲೋಮೀಟರಿಗಿಂತ ಅವರ ಎರಡು ಉತ್ತರಗಳ ನಡುವಿನ ದಾರಿಯೇ ಉದ್ದ.

ಈಗ ಮೊಳದ ವಿಚಾರ. ನಮ್ಮ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಕೊಳ್ಳುವ ಹೆಂಗಸರು ಉದ್ದ ಕೈಯ ಹೂವಿನವಳನ್ನು ಹುಡುಕಿಕೊಂಡು ಹೋಗುತ್ತಾರೆ. ಮೊಳದ ದರ ಒಂದೇ, ಮೊಳ ಮಾತ್ರ ಒಬ್ಬೊಬ್ಬಳದು ಒಂದೊಂದು. ಅರಬಿಯ 'ಜಿರಾ' ಕೂಡ ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆಯೇ. ಅದರಲ್ಲೂ ಹಲವು ಬಗೆಗಳಿದ್ದವು. ಒಂದು ಲೆಕ್ಕದಂತೆ ಮೊಳ 49.33 ಸೆಂಟಿಮೀಟರ್. ಅಲ್‌ಬೆರೂನಿಯ ಅಂಕಿಯನ್ನು ಇದರಿಂದ ಗುಣಿಸಿದರೆ ಬರುವುದೇ ನಮ್ಮ 6339.6. ಕೈರೋದ ರೌದಾ ದ್ವೀಪದಲ್ಲಿ ನೈಲ್ ನದಿಯ ನೀರಿನ ಮಟ್ಟ ನೋಡಲು 861ರಲ್ಲಿ ಕಟ್ಟಿದ ಕಂಬವಿದೆ. ಅದರ ಮೇಲೆ ಕೆತ್ತಿದ ಮೊಳ ಸುಮಾರು 54 ಸೆಂಟಿಮೀಟರ್. ಆ ಮೊಳ ಹಿಡಿದರೆ ಭೂಮಿಯ ತ್ರಿಜ್ಯ 6940 ಕಿಲೋಮೀಟರ್ ಆಗುತ್ತದೆ. ಹಾಗಾಗಿ ಹಾಳೆಯಲ್ಲಿದ್ದ 'ಪಾಯಿಂಟ್ ಆರು' ಬಂದದ್ದು ನಂದನದ ಬೆಟ್ಟದಿಂದಲ್ಲ, ನಮ್ಮ ಕಾಲದ ಗುಣಾಕಾರದಿಂದ. ಇನ್ನು ಆ '17' ಬಂದ ಬಗೆ. ಭೂಮಿ ಪೂರ್ತಿ ಗೋಲವಲ್ಲ. ಧ್ರುವದ ಕಡೆ ಅದರ ತ್ರಿಜ್ಯ 6357 ಕಿಲೋಮೀಟರ್, ಸಮಭಾಜಕದ ಕಡೆ 6378, ಸರಾಸರಿ 6371. ಯಾರೋ ಪುಣ್ಯಾತ್ಮರು ಇವುಗಳಲ್ಲಿ ಹತ್ತಿರದ್ದನ್ನು ಆರಿಸಿ ಕಳೆದಿದ್ದಾರೆ.

ಗಾಳಿಯದೂ ಒಂದು ಕೈವಾಡವಿದೆ. ದಿಗಂತದಿಂದ ಬರುವ ಬೆಳಕು ಗಾಳಿಯಲ್ಲಿ ಸ್ವಲ್ಪ ಬಾಗುತ್ತದೆ. ದಿಗಂತ ಇರುವುದಕ್ಕಿಂತ ಮೇಲೆ ಕಾಣುತ್ತದೆ, ಕೋನ ಕುಗ್ಗುತ್ತದೆ. ಸಾಮಾನ್ಯ ದಿನಗಳಲ್ಲಿ ಇದರಿಂದಲೇ ಭೂಮಿ ಸುಮಾರು ಆರನೆಯ ಒಂದು ಪಾಲಿನಷ್ಟು ದೊಡ್ಡದಾಗಿ ತೋರಬೇಕು. ಬೆಳಗಿಗೂ ನಡುಹಗಲಿಗೂ ಈ ಬಾಗು ಒಂದೇ ಇರುವುದಿಲ್ಲ. ಅಂದ ಮೇಲೆ ಉತ್ತರ ಇಂದಿನ ಬೆಲೆಗೆ ತೀರ ಹತ್ತಿರ ಬಂದಿದ್ದರೆ, ಕೋಷ್ಟಕದ ತಪ್ಪು, ಗಾಳಿಯ ತಪ್ಪು, ಕಣ್ಣಿನ ತಪ್ಪು ಒಂದನ್ನೊಂದು ತಿಂದುಹಾಕಿವೆ ಎಂದೇ ತಿಳಿಯಬೇಕು.

ಹಾಗಾದರೆ ಅಲ್‌ಬೆರೂನಿ ನಮ್ಮನ್ನು ಮೋಸಗೊಳಿಸಿದರೇ? ಸೊಸೆಗೆ ಬೇಸರವಾಗಿದ್ದು ಇಲ್ಲಿಯೇ. ಭಾಷಣದಿಂದ ಅವರ ಹೆಸರನ್ನೇ ತೆಗೆದುಬಿಡುತ್ತೇನೆ ಎಂದಳು. ಬೇಡವೆಂದೆ. ಏಕೆಂದರೆ ಅಷ್ಟರಲ್ಲಿ ಅವರು ಅಂಕಿಗಳ ಪಕ್ಕದಲ್ಲಿ ಬರೆದ ಮಾತುಗಳನ್ನು ನಾನು ಓದಿದ್ದೆ.

ತಮ್ಮ ತ್ರಿಜ್ಯದಿಂದ ಒಂದು ಡಿಗ್ರಿಗೆ ಎಷ್ಟು ಮೈಲಿಯೆಂದು ಲೆಕ್ಕ ಹಾಕಿ, 56ಕ್ಕಿಂತ ಸ್ವಲ್ಪ ಹೆಚ್ಚು ಬಂದಾಗ ಅವರು ಸಂತೋಷಪಟ್ಟರು. ಮಾಮೂನನ ಜನ ಪಡೆದ ಉತ್ತರಕ್ಕೆ ಇದು ಹತ್ತಿರವಿದೆ ಎಂದರು. ಆಮೇಲೆ ಮುಂದಿನ ಲೆಕ್ಕಗಳಿಗೆ ತಮ್ಮ ಉತ್ತರವನ್ನು ಬಿಟ್ಟು ಅವರದನ್ನೇ ಹಿಡಿದರು. ಅವರ ಉಪಕರಣಗಳು ಹೆಚ್ಚು ಸೂಕ್ಷ್ಮ, ಅವರು ಪಟ್ಟ ಶ್ರಮ ಹೆಚ್ಚು ಎನ್ನುವುದು ಕೊಟ್ಟ ಕಾರಣ. ಎಂಟು ಅಂಕಿಯ ತನ್ನ ಉತ್ತರವನ್ನು ಪಕ್ಕಕ್ಕಿಟ್ಟು ಮೂರನೆಯ ಎರಡು ಭಾಗಕ್ಕೆ ನಿಂತ ಹಳೆಯ ಉತ್ತರವನ್ನು ನಂಬಿದ ಮನುಷ್ಯನಿಗೆ ತನ್ನ ಅಂಕಿಗಳ ಬೆಲೆ ಗೊತ್ತಿರಲಿಲ್ಲ ಎನ್ನಲಾದೀತೇ? 'ತಹದೀದ್'ನಲ್ಲೇ ಇನ್ನೊಂದು ಕಡೆ, ಸೈನ್ ಕೋಷ್ಟಕ ಬಳಸಿದಾಗ ಹುಟ್ಟುವ ತಪ್ಪು ಸಣ್ಣ ಉಪಕರಣದ ತಪ್ಪಿನ ಜತೆಗೂ ನೋಡುವವನ ತಪ್ಪಿನ ಜತೆಗೂ ಸೇರಿಕೊಂಡು ಲೆಕ್ಕಕ್ಕೆ ಬರುವಷ್ಟು ದೊಡ್ಡದಾಗುತ್ತದೆ ಎಂದು ಎಚ್ಚರಿಸುತ್ತಾರೆ. ನಾವು ಕ್ಯಾಲ್ಕುಲೇಟರಿನಲ್ಲಿ ಹಿಡಿದ ಕಳ್ಳನನ್ನು ಅವರು ಸಾವಿರ ವರ್ಷ ಮೊದಲೇ ಹೆಸರಿಸಿದ್ದರು. ತಮ್ಮ ಮನೆಯಲ್ಲೇ ಅವನು ಕೂತಿದ್ದ ಎನ್ನುವುದು ಮಾತ್ರ ಕಾಣಲಿಲ್ಲ.

ಮತ್ತೆ ಆ ಉದ್ದ ಬಾಲವನ್ನೇಕೆ ಬರೆದರು? ನನಗೆ ತೋರುವುದಿಷ್ಟು. ಅದು ಘೋಷಣೆಯಲ್ಲ, ಜಮಾಖರ್ಚಿನ ಪುಸ್ತಕ. ಲೆಕ್ಕದ ನಡುವೆ ಅಂಕಿ ಕತ್ತರಿಸಿದರೆ ತಪ್ಪು ಬೆಳೆಯುತ್ತದೆ, ಆದ್ದರಿಂದ ಕೊನೆಯವರೆಗೂ ಎಳೆದುಕೊಂಡು ಹೋಗಬೇಕು. ಕತ್ತರಿಸುವುದು ಉತ್ತರವನ್ನು ಲೋಕಕ್ಕೆ ಹೇಳುವಾಗ. ಇಂದಿನ ಲ್ಯಾಬಿನಲ್ಲೂ ಇದೇ ರೀತಿ. ಅವರ ಬಾಲ ಇದ್ದುದರಿಂದಲೇ ನಾವು ಹಿಂದಕ್ಕೆ ನಡೆದು 18 ಪೈಸೆಯ ತಪ್ಪನ್ನು ಹಿಡಿದದ್ದು. 'ಸುಮಾರು ಒಂದು ಕೋಟಿ ಮೂವತ್ತು ಲಕ್ಷ' ಎಂದಷ್ಟೇ ಬರೆದಿದ್ದರೆ ಅವರು ಪ್ರಾಮಾಣಿಕರಾಗಿ ಉಳಿಯುತ್ತಿದ್ದರು, ತಪ್ಪು ಮಾತ್ರ ಸಮಾಧಿಯಾಗುತ್ತಿತ್ತು. ನಡುವೆ ಒಂದು ಮಾತು: ದಿನಕ್ಕೆ ಹತ್ತು ಸಲ ನಾವು ಬಳಸುವ 'ಸುಮಾರು', 'ಅಂದಾಜು' ಎರಡೂ ಪಾರಸಿಯಿಂದ ಕನ್ನಡಕ್ಕೆ ಬಂದವು. 'ಸುಮಾರು' ಪದದ ಮೂಲವಾದ 'ಶುಮಾರ್'ನ ಅರ್ಥ ಎಣಿಕೆ. ಎಣಿಕೆ ಇಲ್ಲಿಗೆ ಬರುವಷ್ಟರಲ್ಲಿ ಅಂದಾಜಾಗಿತ್ತು.

ಅಂಕಿಯನ್ನು ಎಲ್ಲಿ ನಿಲ್ಲಿಸಬೇಕೆಂದು ಆ ಪರಂಪರೆಗೆ ಗೊತ್ತಿತ್ತೆನ್ನಲು ಇನ್ನೊಂದು ಪುಟವಿದೆ. ಅಲ್‌ಬೆರೂನಿ ಲೋಹ ಮತ್ತು ರತ್ನಗಳನ್ನು ನೀರಿನಲ್ಲಿ ಮುಳುಗಿಸಿ, ಹೊರಬಿದ್ದ ನೀರನ್ನು ತೂಗಿ ಅವುಗಳ ಸಾಂದ್ರತೆ ಕಂಡುಹಿಡಿದವರು. ಅದೇ ದಾರಿಯಲ್ಲಿ ಅಲ್‌ಖಾಜಿನಿ ಹನ್ನೆರಡನೆಯ ಶತಮಾನದ ಮೊದಲಲ್ಲಿ 'ಮೀಜಾನುಲ್ ಹಿಕ್ಮಾ' ಬರೆದರು. ಅದರ ಕೋಷ್ಟಕದಲ್ಲಿ ನೂರು ಮಿಸ್ಖಾಲ್ ಚಿನ್ನ ಹೊರದಬ್ಬುವ ನೀರು 5 ಮಿಸ್ಖಾಲ್, 1 ದಾನಿಖ್, 2 ತಸ್ಸೂಜ್. ತಸ್ಸೂಜ್ ಎಂದರೆ ಮಿಸ್ಖಾಲಿನ ಇಪ್ಪತ್ತನಾಲ್ಕನೇ ಒಂದು ಪಾಲು. ಅದಕ್ಕಿಂತ ಕೆಳಗೆ ಕೋಷ್ಟಕ ಇಳಿಯುವುದಿಲ್ಲ. ಚಿನ್ನ ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರ ಎಂದಾಗುತ್ತದೆ. ಇಂದಿನ ಬೆಲೆ 19.3. ನಂದನದ ಎಂಟು ಅಂಕಿಗಳಿಗಿಂತ ಈ ಮೂರು ಸಣ್ಣ ಅಂಕಿಗಳ ಮೇಲೆ ನನಗೆ ಹೆಚ್ಚು ಗೌರವ.

ಹಾಗೆಂದು ಹೆಚ್ಚು ಅಂಕಿ ಬರೆಯುವುದೆಲ್ಲ ಆಡಂಬರವಲ್ಲ. ದುಡಿದರೆ ಅವನ್ನೂ ಗಳಿಸಬಹುದು. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿ ಟಿಪ್ಪುವಿನ ವಿರುದ್ಧ ಇದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ, ಮರುವರ್ಷ ಬೆಂಗಳೂರಿನ ಬಳಿ ನೂರಡಿಯ ಉಕ್ಕಿನ ಸರಪಳಿಯಿಂದ ಒಂದು ನೇರ ಗೆರೆಯನ್ನು ಅಳೆಸಿದ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಕೆಲಸ ನಡೆಯಿತು. ಉತ್ತರ 7.4321 ಮೈಲಿ. ಕೊನೆಯ ಅಂಕಿಯ ಬೆಲೆ ಅರ್ಧ ಅಡಿ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಏರುಪೇರಾದರೆ ಇಷ್ಟು ದೂರಕ್ಕೆ ನಾಲ್ಕೂವರೆ ಅಡಿ ತಪ್ಪುತ್ತದೆ. ಹಾಗಾಗಿ ಸರಪಳಿಯ ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಬಿಸಿಯನ್ನು ಬರೆದುಕೊಳ್ಳುತ್ತ ಹೋಗಬೇಕಿತ್ತು. ಸರಪಳಿ ಎತ್ತಿ ಇಟ್ಟ ಕೈಗಳ ಹೆಸರನ್ನು ನಮ್ಮ ಚರಿತ್ರೆಯ ಪಾಠಗಳು ಹೇಳುವುದಿಲ್ಲ. ಆ ದಶಮಾಂಶದ ನಾಲ್ಕನೆಯ ಅಂಕಿ ಅವರ ಬೆವರಿನದು.

ಸಮಾರಂಭದ ದಿನ ವೇದಿಕೆಯ ಹಿಂದೆ ದೊಡ್ಡ ಬ್ಯಾನರ್ ಕಟ್ಟಿತ್ತು. ಅದರ ಮೇಲೆ 6339.6 ಎಂದು ದಪ್ಪ ಅಕ್ಷರಗಳಲ್ಲಿತ್ತು. ಎರಡು ದಿನ ಮೊದಲೇ ಸಂಘಟಕರಿಗೆ ಫೋನ್ ಮಾಡಿದ್ದೆ. "ಪ್ರಿಂಟಿಗೆ ಹೋಗಿಬಿಟ್ಟಿದೆ ಸಾಬ್" ಎಂದಿದ್ದರು.

ಸೊಸೆ ಬೆಟ್ಟದ ಕತೆಯನ್ನು ಚೆನ್ನಾಗಿ ಹೇಳಿದಳು. ಸನದ್ ಬಿನ್ ಅಲಿಯ ಹೆಸರನ್ನೂ ಬಿಡಲಿಲ್ಲ. ಉತ್ತರ ಹೇಳುವಾಗ "ಮೊಳದ ಉದ್ದ ಎಷ್ಟೆಂದು ಹಿಡಿಯುತ್ತೇವೋ ಅದರ ಮೇಲೆ, ಆರು ಸಾವಿರದ ಮುನ್ನೂರರಿಂದ ಏಳು ಸಾವಿರ ಕಿಲೋಮೀಟರಿನ ಆಸುಪಾಸು" ಎಂದಳು. ಸಭೆಯಲ್ಲಿ ಚಪ್ಪಾಳೆ ಬೀಳಬೇಕಾದ ಜಾಗದಲ್ಲಿ ಬೀಳಲಿಲ್ಲ. ಅಧ್ಯಕ್ಷತೆ ವಹಿಸಿದ್ದ ಹಿರಿಯರು ಕುತ್ತಿಗೆ ತಿರುಗಿಸಿ ಬ್ಯಾನರ್ ನೋಡಿದರು. ಕೆಳಗಿಳಿದ ಮೇಲೆ ಅವಳನ್ನು ಕರೆದು, "ಬೇಟಿ, ಅಲ್ಲಿ ಬರೆದಿರೋದು ಬೇರೆ ಅಲ್ವಾ?" ಎಂದು ಕೇಳಿದರು.

"ಹೌದು ಚಾಚಾ. ಅದರಲ್ಲಿ ಎರಡು ಅಂಕಿ ಅಲ್‌ಬೆರೂನಿಯವರದು, ಮಿಕ್ಕಿದ್ದು ಕ್ಯಾಲ್ಕುಲೇಟರಿಂದು."

ಅವರು ನಗಲಿಲ್ಲ. ಪಕ್ಕದ ಕುರ್ಚಿ ಎಳೆದು ಕೂರಿಸಿಕೊಂಡು, ಜೇಬಿನಿಂದ ಪೆನ್ನು ತೆಗೆದು, ಆಮಂತ್ರಣ ಪತ್ರಿಕೆಯ ಹಿಂಬದಿಯನ್ನು ಅವಳ ಮುಂದೆ ಹಿಡಿದರು. "ಆ ಕೋನದ ಲೆಕ್ಕ ಇನ್ನೊಂದು ಸಲ ತೋರಿಸು."